ಇಳಿದ ಬಾವು ಸುಳ್ಳೇ?

ಬಂಟ್ವಾಳದಿಂದ ಮೂಡುಬಿದಿರೆಯ ಶಾಲೆಗೆ ಬಸ್ಸಿನ ಕಂಬಿ ಹಿಡಿದು ನಿಂತೇ ಹೋಗುವವಳು ನಾನು. ಸಿದ್ದಕಟ್ಟೆ ದಾಟುವಾಗ ಅಂಗೈ ಕೆಂಪೇರಿ, ತುರಿಸಿ, ಬಾತುಕೊಳ್ಳುತ್ತದೆ. ಗಂಟೆಯೊಳಗೆ ಇಳಿದೂ ಬಿಡುತ್ತದೆ. ಹಾಗಾಗಿ ಯಾರೂ ನಂಬಲಿಲ್ಲ. ಬೆಳ್ತಂಗಡಿಯ ಅತ್ತಿಗೆ ನಾಗದೋಷವೆಂದರು. ವೈದ್ಯರೊಬ್ಬರು, "ಈ ಪ್ರಾಯದಲ್ಲಿ ಹೆಂಗಸರಿಗೆ ಹೀಗೆಲ್ಲ ಅನಿಸುತ್ತದೆ" ಎಂದು ನಕ್ಕರು.

ಅನಿಸುವುದಲ್ಲ ಡಾಕ್ಟ್ರೇ, ಕಣ್ಣಿಗೆ ಕಾಣುವಂತೆ ಬಾತುಕೊಳ್ಳುವುದು! ಕೊನೆಗೆ ಚರ್ಮವೈದ್ಯೆಯೊಬ್ಬರು ನನ್ನ ಮುಂಗೈಯನ್ನು ಕಂಪಿಸುವ ಯಂತ್ರದ ಮೇಲೆ ಇರಿಸಿದರು. ನಿಮಿಷಗಳಲ್ಲಿ ಬಾವು ಎದ್ದಿತು. ಕಂಪನಕ್ಕೆ ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವಂತೆ. ಕೆಲವರಿಗೆ ಚಪ್ಪಾಳೆಯೂ ಸಾಕು, ಬೈರಾಸಿನಿಂದ ಉಜ್ಜಿ ಒರಸಿಕೊಂಡರೂ ಸಾಕು. ಅಪರೂಪದ ಕಾಯಿಲೆ, ನಿಜ. ಆದರೆ ಇದು ವಂಶದಲ್ಲೇ ಹರಿದುಬಂದ ಕೆಲವು ಕುಟುಂಬಗಳಲ್ಲಿ ಒಂದು ಜೀನಿನ ಲೋಪವನ್ನು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ.

ನಾಗನಿಗೆ ತಂಬಿಲ ಕೊಡಿ, ನನ್ನ ತಕರಾರಿಲ್ಲ, ನಾನೂ ಕೈಮುಗಿಯುತ್ತೇನೆ. ಆದರೆ ಗಂಡಸಿನ ಕೈ ಬಾತರೆ ಡಾಕ್ಟರು, ನಮ್ಮ ಕೈ ಬಾತರೆ ಜೋಯಿಸರೇ?

ತಂಗಿಯರೇ, ಬಾತಾಗಲೇ ಫೋಟೋ ತೆಗೆಯಿರಿ. ಏನು ಮಾಡುವಾಗ ಬಂತೆಂದು ಬರೆದಿಡಿ. ಚರ್ಮವೈದ್ಯರ ಮುಂದಿಡಿ. ನಾಲಿಗೆ, ಗಂಟಲು ಬಾತರೆ, ಉಸಿರು ಕಟ್ಟಿದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಓಡಿ. ಬಾವು ಇಳಿದ ಮಾತ್ರಕ್ಕೆ ನಮ್ಮ ಮಾತು ಸುಳ್ಳಾಗುವುದಿಲ್ಲ.