ಹೆಸರಿಲ್ಲದ ಗೋರಿಗೂ ಒಂದು ಹೆಸರು ಬೇಕು

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1957ರ ಫೆಬ್ರುವರಿಯಲ್ಲಿ ರಸ್ತೆ ಬದಿಯ ಪೊದೆಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಪುಟ್ಟ ಬಾಲಕನೊಬ್ಬನ ಶವ. ವಯಸ್ಸು ನಾಲ್ಕರಿಂದ ಆರು. ಮೈತುಂಬ ಪೆಟ್ಟಿನ ಗುರುತುಗಳು. ಪೊಲೀಸರು ಅವನ ಮುಖದ ಚಿತ್ರವಿದ್ದ ಪತ್ರಗಳನ್ನು ಲಕ್ಷಗಟ್ಟಲೆ ಅಚ್ಚು ಹಾಕಿಸಿ ಹಂಚಿದರು. ಆದರೂ ‘ಇವನು ನಮ್ಮವನು’ ಎಂದು ಹೇಳಲು ಯಾರೂ ಬರಲಿಲ್ಲ. ‘ಅಮೆರಿಕದ ಅಜ್ಞಾತ ಮಗು’ ಎಂಬುದೇ ಅವನ ಗೋರಿಕಲ್ಲಿನ ಮೇಲಿನ ಬರಹವಾಯಿತು. ಅವನನ್ನು ಪತ್ತೆ ಹಚ್ಚಲು ಓಡಾಡಿದ ಪೊಲೀಸರು ನಿವೃತ್ತರಾದರು, ಕೆಲವರು ತೀರಿಕೊಂಡರು. ಕೊನೆಗೆ 2022ರ ಡಿಸೆಂಬರಿನಲ್ಲಿ, ಅಂದರೆ 65 ವರ್ಷಗಳ ನಂತರ, ಅವನ ಹೆಸರು ಜೋಸೆಫ್ ಎಂದು ಪ್ರಕಟವಾಯಿತು. ಮರು ತಿಂಗಳು, ಬದುಕಿದ್ದರೆ ಅವನಿಗೆ 70 ತುಂಬುತ್ತಿದ್ದ ದಿನ, ಹೆಸರು ಕೆತ್ತಿದ ಹೊಸ ಕಲ್ಲು ಆ ಗೋರಿಯ ಮೇಲೆ ಬಂತು.

ಇದನ್ನು ಸಾಧ್ಯವಾಗಿಸಿದ್ದು ಜೆನೆಟಿಕ್ ಜೀನಿಯಾಲಜಿ, ಅಂದರೆ ಡಿಎನ್‌ಎ ಹಿಡಿದು ವಂಶವೃಕ್ಷ ಹುಡುಕುವ ವಿದ್ಯೆ. ಈ ವಿದ್ಯೆ ನಮ್ಮ ದೇಶಕ್ಕೂ ಬರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಯಾವ ಬಾಗಿಲಿನಿಂದ ಬರಬೇಕು ಎಂಬುದನ್ನು ನಾವು ಈಗಲೇ ಯೋಚಿಸಬೇಕು.

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಡಿಎನ್‌ಎ ಬೆರಳಚ್ಚಿನ ಪಾಠ ನೆನಪಿರುತ್ತದೆ. ಬ್ರಿಟನ್ನಿನ ಅಲೆಕ್ ಜೆಫ್ರಿಸ್ ಕಂಡುಹಿಡಿದ ಆ ವಿಧಾನ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಹೌದೋ ಅಲ್ಲವೋ ಎಂದು ಹೇಳುತ್ತದೆ. ಪೊಲೀಸ್ ಪ್ರಯೋಗಾಲಯಗಳು ಇಂದಿಗೂ ಹೆಚ್ಚಾಗಿ ನೋಡುವುದು ಡಿಎನ್‌ಎಯ ಸುಮಾರು 20 ಜಾಗಗಳನ್ನು ಮಾತ್ರ. ತಂದೆ-ತಾಯಿ, ಮಕ್ಕಳನ್ನು ಗುರುತಿಸಲು ಅಷ್ಟು ಸಾಕು. ಹೋಲಿಸಿ ನೋಡಲು ಮನೆಯವರೇ ಸಿಗದಿದ್ದರೆ ಮಾತ್ರ ಅದು ಕೈಚೆಲ್ಲುತ್ತದೆ.

ಹೊಸ ವಿಧಾನ ಲಕ್ಷಾಂತರ ಜಾಗಗಳನ್ನು ಓದುತ್ತದೆ. ಹಾಗಾಗಿ ದೂರದ ನೆಂಟರೂ ಬೆಳಕಿಗೆ ಬರುತ್ತಾರೆ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವೆ ಸರಾಸರಿ ಶೇ. 12.5ರಷ್ಟು ಡಿಎನ್‌ಎ ಹಂಚಿಕೆಯಾಗಿರುತ್ತದೆ. ಆ ಮಕ್ಕಳ ಮಕ್ಕಳ ನಡುವೆ ಶೇ. 3ರಷ್ಟು. ಇನ್ನೊಂದು ತಲೆಮಾರು ಕೆಳಗಿಳಿದರೆ ಶೇ. 1ಕ್ಕಿಂತ ಕಡಿಮೆ. ಮೂಳೆಯಿಂದ ತೆಗೆದ ಡಿಎನ್‌ಎಯನ್ನು, ತಮ್ಮ ಪೂರ್ವಜರನ್ನು ತಿಳಿಯಲು ಜನ ತಾವಾಗಿಯೇ ಸೇರಿಸಿದ ಸಂಗ್ರಹದಲ್ಲಿ ಹಾಕಿ ನೋಡುತ್ತಾರೆ. ಶೇ. 1ರ ಹೊಂದಿಕೆ ಸಿಕ್ಕರೂ ಅದು ಒಂದು ಎಳೆ. ಅದನ್ನು ಹಿಡಿದು ಮುತ್ತಜ್ಜನವರೆಗೆ ಮೇಲೆ ಹತ್ತುತ್ತಾರೆ. ಆಮೇಲೆ ಜನನ, ಮದುವೆ, ಮರಣದ ದಾಖಲೆಗಳು, ಜನಗಣತಿ ಪುಟಗಳು, ಹಳೆಯ ಪತ್ರಿಕೆಗಳ ಶ್ರದ್ಧಾಂಜಲಿಗಳನ್ನು ನೋಡುತ್ತಾ ಕೊಂಬೆ ಕೊಂಬೆಯಾಗಿ ಕೆಳಗಿಳಿಯುತ್ತಾರೆ. ಎಲ್ಲೋ ಒಂದು ಕಡೆ ಒಬ್ಬ ವ್ಯಕ್ತಿಯ ಜಾಡು ಇದ್ದಕ್ಕಿದ್ದಂತೆ ನಿಂತುಹೋಗಿರುತ್ತದೆ. ಆಗ ಹತ್ತಿರದ ಬಂಧುವಿನ ಮಾದರಿ ತೆಗೆದು ಖಚಿತಪಡಿಸಿಕೊಳ್ಳುತ್ತಾರೆ. ಅರ್ಧ ಕೆಲಸ ಪ್ರಯೋಗಾಲಯದ್ದು, ಉಳಿದರ್ಧ ದಾಖಲೆಗಳ ಧೂಳು ಕೊಡವುವವರದ್ದು. ವಿಜ್ಞಾನ ವಿಭಾಗದವರು ಕಲಾ ವಿಭಾಗದವರನ್ನು ಗೇಲಿ ಮಾಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಒಹಾಯೊ ರಾಜ್ಯದಲ್ಲಿ 1981ರಲ್ಲಿ ರಸ್ತೆ ಬದಿಯಲ್ಲಿ ಒಬ್ಬ ತರುಣಿಯ ಶವ ಸಿಕ್ಕಿತ್ತು. ತೊಟ್ಟಿದ್ದ ಚರ್ಮದ ಅಂಗಿಯೇ 37 ವರ್ಷ ಅವಳ ಹೆಸರಾಗಿತ್ತು. ‘ಡಿಎನ್‌ಎ ಡೋ ಪ್ರಾಜೆಕ್ಟ್’ ಎಂಬ ಸ್ವಯಂಸೇವಕರ ಸಂಸ್ಥೆ 2018ರಲ್ಲಿ ಅವಳ ಡಿಎನ್‌ಎ ವಿವರವನ್ನು ಸಂಗ್ರಹಕ್ಕೆ ಸೇರಿಸಿದ ಕೆಲವೇ ಗಂಟೆಗಳಲ್ಲಿ ಅವಳು ಯಾರೆಂದು ತಿಳಿಯಿತು. ಮಗಳು ಎಂದಾದರೂ ಕರೆ ಮಾಡಿಯಾಳು ಎಂದು ತಾಯಿ ಅಷ್ಟೂ ವರ್ಷ ಫೋನ್ ನಂಬರನ್ನು ಬದಲಾಯಿಸಿರಲಿಲ್ಲ ಎಂದು ಪತ್ರಿಕೆಗಳು ಬರೆದವು.

‘ಸತ್ತವರಿಗೆ ಹೆಸರು ಸಿಕ್ಕರೆ ಏನು ಲಾಭ?’ ಎಂದು ಕೇಳುವವರಿಗೆ ಆ ಫೋನೇ ಉತ್ತರ. ಪ್ರತಿ ಅನಾಥ ಶವದ ಇನ್ನೊಂದು ತುದಿಯಲ್ಲಿ ಒಂದು ಮನೆ ಇರುತ್ತದೆ. ಆ ಮನೆಯಲ್ಲಿ ದುಃಖದ ಜೊತೆಗೆ ಕಾನೂನಿನ ತೊಡಕೂ ಇರುತ್ತದೆ. ನಮ್ಮ ಫಿಕ್‌ಹ್‌ನಲ್ಲಿ ಕಾಣೆಯಾದವನಿಗೆ ‘ಮಫ್ಕೂದ್’ ಎಂಬ ಪ್ರತ್ಯೇಕ ಪದವೇ ಇದೆ. ಅವನ ಹೆಂಡತಿ ಇತ್ತ ಸುಮಂಗಲಿಯೂ ಅಲ್ಲ, ಅತ್ತ ವಿಧವೆಯೂ ಅಲ್ಲ. ಇದ್ದತ್ ಎಂದು ಶುರು, ಆಸ್ತಿಯ ಪಾಲು ಎಂದು, ಮರುಮದುವೆಗೆ ಎಷ್ಟು ಕಾಯಬೇಕು ಎಂಬ ಬಗ್ಗೆ ವಿದ್ವಾಂಸರು ಶತಮಾನಗಳಿಂದ ಚರ್ಚಿಸಿದ್ದಾರೆ. ನಾಲ್ಕು ವರ್ಷ ಗಂಡನ ಸುದ್ದಿಯೇ ಇಲ್ಲದಿದ್ದರೆ ಹೆಂಡತಿ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದು ಎಂದು 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಹೇಳುತ್ತದೆ. ಏಳು ವರ್ಷ ಸುದ್ದಿ ಇಲ್ಲದವನನ್ನು ತೀರಿಕೊಂಡವನೆಂದು ಭಾವಿಸಲು ದೇಶದ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಇವೆಲ್ಲ ಸತ್ಯ ತಿಳಿಯದಿದ್ದಾಗ ಮನುಷ್ಯರು ಕಟ್ಟಿಕೊಂಡ ಕಾಲುಸಂಕಗಳು. ಸತ್ಯವೇ ತಿಳಿಯುವ ದಾರಿ ಇದ್ದಾಗ ಹೆಣ್ಣೊಬ್ಬಳನ್ನು ಏಳು ವರ್ಷ ಬಾಗಿಲಲ್ಲಿ ಕೂರಿಸುವುದು ಯಾವ ನ್ಯಾಯ?

ಇನ್ನೊಂದು ಮಾತು. ಮಯ್ಯಿತ್‌ಗೆ ಗುಸ್ಲ್ ಮಾಡಿಸಿ, ಕಫನ್ ಹೊದಿಸಿ, ಜನಾಝಾ ನಮಾಝ್ ಮಾಡಿ ದಫನ ಮಾಡುವುದು ಫರ್ಝ್ ಕಿಫಾಯ. ಊರಿನಲ್ಲಿ ಯಾರೂ ಮಾಡದಿದ್ದರೆ ಊರಿಗೇ ಪಾಪ. ಆದರೆ ಹೆಸರೇ ಗೊತ್ತಿಲ್ಲದ ದೇಹವನ್ನು ಹೂಳಬೇಕೋ ಸುಡಬೇಕೋ ಎಂಬುದೂ ಗೊತ್ತಾಗುವುದಿಲ್ಲ. ಅಯೋಧ್ಯೆಯ ಸೈಕಲ್ ಮೆಕ್ಯಾನಿಕ್ ಮೊಹಮ್ಮದ್ ಶರೀಫ್ ಸಾವಿರಾರು ವಾರಸುದಾರರಿಲ್ಲದ ಶವಗಳಿಗೆ, ಧರ್ಮ ನೋಡದೆ, ಆಯಾ ಧರ್ಮದಂತೆ ಅಂತ್ಯಸಂಸ್ಕಾರ ಮಾಡಿದವರು. ಜನ ಅವರನ್ನು ‘ಶರೀಫ್ ಚಾಚಾ’ ಎನ್ನುತ್ತಾರೆ. ಅವರ ಸ್ವಂತ ಮಗ ಸುಲ್ತಾನಪುರದಲ್ಲಿ ಸತ್ತ ಸುದ್ದಿ ಮನೆಗೆ ತಲುಪುವ ಹೊತ್ತಿಗೆ ವಾರಗಳೇ ಕಳೆದಿದ್ದವು. ಆ ನೋವಿನಿಂದಲೇ ಈ ಸೇವೆ ಶುರುವಾಯಿತು. ಸರಕಾರ 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಿಸಿತು. ಶರೀಫ್ ಚಾಚಾ ಕೈಗಳಿಂದ ಮಾಡಿದ್ದನ್ನು ವಿಜ್ಞಾನ ಪೂರ್ತಿಗೊಳಿಸಬಲ್ಲದು: ದೇಹಕ್ಕೆ ಗೌರವದ ಜೊತೆ ಹೆಸರನ್ನೂ ಕೊಡಬಲ್ಲದು.

ನಮ್ಮ ಕರಾವಳಿಗೆ ಈ ನೋವು ಹೊಸದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಉರಿದು 158 ಜನ ತೀರಿಕೊಂಡರು. ಗುರುತು ಹಿಡಿಯಲಾಗದ ದೇಹಗಳ ಮಾದರಿಗಳು ಹೈದರಾಬಾದಿನ ಡಿಎನ್‌ಎ ಪ್ರಯೋಗಾಲಯಕ್ಕೆ ಹೋದವು. ಕೆಲವು ದೇಹಗಳಿಗೆ ಹೆಸರು ಸಿಕ್ಕಿತು. ಆದರೂ 12 ದೇಹಗಳಿಗೆ ಸಿಗಲಿಲ್ಲ. ಅವನ್ನು ಕೂಳೂರು ಬಳಿ ಒಟ್ಟಿಗೆ ಮಣ್ಣು ಮಾಡಲಾಯಿತು. ಪ್ರಯಾಣಿಕರ ಪಟ್ಟಿ ಕೈಯಲ್ಲೇ ಇದ್ದ ಅಪಘಾತದಲ್ಲೇ ಹೀಗಾದರೆ, ಪಟ್ಟಿಯೇ ಇಲ್ಲದೆ ರೈಲು ಹಳಿಯ ಮೇಲೋ ಹೊಳೆಯಲ್ಲೋ ಸಿಕ್ಕವರ ಗತಿ ಏನು?

ಇನ್ನು ಈ ವಿದ್ಯೆಯ ಇನ್ನೊಂದು ಮುಖ ನೋಡೋಣ. 2018ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನೊಬ್ಬನನ್ನು ಇದೇ ವಿಧಾನದಿಂದ ಹಿಡಿದರು. ಅವನು ಮಾಜಿ ಪೊಲೀಸನೇ ಆಗಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಪೊಲೀಸರು ಬಳಸಿದ ‘ಜೆಡ್‌ಮ್ಯಾಚ್’ ಸಂಗ್ರಹಕ್ಕೆ ಡಿಎನ್‌ಎ ಕೊಟ್ಟವರು ಹುಡುಕುತ್ತಿದ್ದುದು ಮುತ್ತಜ್ಜನನ್ನು, ಕೊಲೆಗಾರನನ್ನಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ವಿವಾದವಾದ ಮೇಲೆ 2019ರಲ್ಲಿ ಆ ಸಂಸ್ಥೆ ನಿಯಮ ಬದಲಿಸಿ, ಒಪ್ಪಿದವರ ಮಾಹಿತಿ ಮಾತ್ರ ಅಪರಾಧ ತನಿಖೆಗೆ ಎಂದಿತು.

ಇಲ್ಲಿರುವ ಕಷ್ಟ ಸರಳವಾದದ್ದು. ನನ್ನ ಡಿಎನ್‌ಎ ನನ್ನೊಬ್ಬನದಲ್ಲ. ನಾನು ಸಹಿ ಹಾಕಿದರೆ ನನ್ನ ಅಕ್ಕ, ಮಾವನ ಮಕ್ಕಳು, ಇನ್ನೂ ಹುಟ್ಟದ ಮೊಮ್ಮಕ್ಕಳು ಎಲ್ಲರ ಬಾಗಿಲೂ ಸ್ವಲ್ಪ ತೆರೆಯುತ್ತದೆ. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲಾಗದು. ‘23 ಆ್ಯಂಡ್ ಮಿ’ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಅಂಗಡಿ ಮುಚ್ಚಿದರೆ ಸಾಮಾನು ಹರಾಜಿಗೆ ಬರುತ್ತದೆ. ಆ ಸಾಮಾನಿನಲ್ಲಿ ನಮ್ಮ ರಕ್ತದ ಗುಟ್ಟೂ ಇದ್ದರೆ?

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ನಮ್ಮ ರಾಜ್ಯಕ್ಕೆ ಹೆಮ್ಮೆ. 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ಮಸೂದೆಯಲ್ಲಿ ಕಾಣೆಯಾದವರಿಗೆ, ಅಪರಿಚಿತ ಮೃತರಿಗೆ ಪ್ರತ್ಯೇಕ ಪಟ್ಟಿಗಳಿದ್ದವು. ಆದರೆ ಅದೇ ಬ್ಯಾಂಕಿನಲ್ಲಿ ಶಂಕಿತರ, ಅಪರಾಧಿಗಳ ಪಟ್ಟಿಗಳೂ ಇದ್ದವು. ಟೀಕೆಗಳು ಬಂದವು. 2023ರಲ್ಲಿ ಸರಕಾರ ಮಸೂದೆಯನ್ನೇ ಹಿಂಪಡೆಯಿತು. ನೆಗಡಿಯಾಯಿತೆಂದು ಮೂಗು ಕೊಯ್ದಂತೆ, ಅನುಮಾನದ ಭಾಗದ ಜೊತೆ ಒಳ್ಳೆಯ ಭಾಗವೂ ಹೋಯಿತು.

ಹಾಗಾಗಿ ನಾನು ಕೇಳುವುದು ಎರಡು ಬೇರೆ ಬಾಗಿಲುಗಳನ್ನು. ಸತ್ತವರಿಗೆ ಹೆಸರು ಹುಡುಕುವ ಸಂಗ್ರಹ ಒಂದು. ಅದರಲ್ಲಿ ಮಾಹಿತಿ ಕೊಡುವವರು ಮನಸಾರೆ ಒಪ್ಪಿ ಕೊಡಬೇಕು, ಬೇಡವೆನಿಸಿದಾಗ ಹಿಂಪಡೆಯುವ ಹಕ್ಕಿರಬೇಕು, ಹೆಸರು ಸಿಕ್ಕ ಮೇಲೆ ಮಾದರಿ ನಾಶವಾಗಬೇಕು. ಶಂಕಿತರನ್ನು ಹುಡುಕುವುದು ಬೇರೆ ಕೆಲಸ, ಅದಕ್ಕೆ ಬೇರೆ ಕಾನೂನು, ನ್ಯಾಯಾಲಯದ ಅನುಮತಿ ಬೇಕು. ‘ಕೊಲೆಯಾದವನ ಹೆಸರು ತಿಳಿದರೆ ಕೊಲೆಗಾರನ ತನಿಖೆಯೂ ಶುರುವಾಗುತ್ತದಲ್ಲ?’ ಎಂದು ಕೇಳಬಹುದು. ಖಂಡಿತ ಶುರುವಾಗಬೇಕು. ಜೋಸೆಫನ ಸಾವಿಗೂ ಉತ್ತರ ಬೇಕು. ಆದರೆ ಆ ತನಿಖೆ ಹೆಸರಿನಿಂದ ಮುಂದೆ ಹೋಗಲಿ. ಅಣ್ಣನನ್ನು ಹುಡುಕಿಕೊಡಿ ಎಂದು ತಂಗಿ ಕೊಟ್ಟ ಉಗುಳು ನಾಳೆ ಅವಳ ಮನೆಯವರ ಮೇಲೆಯೇ ತಿರುಗಬಾರದು. ಆ ಭಯವಿದ್ದರೆ ತಂಗಿ ಬರುವುದೇ ಇಲ್ಲ. ಆಗ ಅಣ್ಣನಿಗೆ ಹೆಸರೂ ಸಿಗುವುದಿಲ್ಲ.

ಅಮೆರಿಕದ ವಿಧಾನವನ್ನು ಹಾಗೆಯೇ ತಂದು ಇಲ್ಲಿ ನೆಟ್ಟರೆ ಬೇರು ಹಿಡಿಯದು ಎಂಬುದೂ ನಿಜ. ಅಲ್ಲಿನ ಸಂಗ್ರಹಗಳಲ್ಲಿರುವವರು ಹೆಚ್ಚಾಗಿ ಯುರೋಪ್ ಮೂಲದವರು. ನಮ್ಮಲ್ಲಿ ಮೂರು ತಲೆಮಾರಿನ ಹಿಂದಿನ ಮದುವೆಗೆ ಕಾಗದವೇ ಇರುವುದಿಲ್ಲ. ಜೊತೆಗೆ ಸೋದರಮಾವನ ಮಗಳು, ಅತ್ತೆಯ ಮಗ ಎಂಬ ಸಂಬಂಧಗಳು ನಮ್ಮ ಮುಸ್ಲಿಂ ಮನೆಗಳಲ್ಲೂ ದಕ್ಷಿಣದ ಅನೇಕ ಹಿಂದೂ ಮನೆಗಳಲ್ಲೂ ಮಾಮೂಲು. ಒಳಸಂಬಂಧ ಹೆಚ್ಚಾದಾಗ ದೂರದ ನೆಂಟರೂ ಡಿಎನ್‌ಎಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಕೊಂಬೆಗಳು ಮತ್ತೆ ಮತ್ತೆ ಹೆಣೆದುಕೊಂಡು ಮರ ಬಲೆಯಾಗುತ್ತದೆ. ಲೆಕ್ಕ ತಪ್ಪಿದರೆ ಯಾರದೋ ಮನೆಗೆ ಯಾರದೋ ಸಾವಿನ ಸುದ್ದಿ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಮೊದಲ ಹೆಜ್ಜೆ ದೂರದ ನೆಂಟರದ್ದಲ್ಲ, ಹತ್ತಿರದವರದ್ದು. ಕಾಣೆಯಾದವರ ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು ಒಪ್ಪಿದರೆ ಅವರ ಮಾದರಿ ಪಡೆದಿಡಬೇಕು. ಪ್ರತಿ ಅಪರಿಚಿತ ಶವದ ಹಲ್ಲೋ ಮೂಳೆಯೋ ಒಂದನ್ನು ದಫನಕ್ಕೆ ಮೊದಲು ಕಾಪಿಡಬೇಕು. ಎಲ್ಲಿ ಹೂಳಿದರೆಂದು ಬರೆದಿಡಬೇಕು. ಈ ಮೂರು ಇದ್ದರೆ ಮುಂದಿನ ವಿದ್ಯೆಗೆ ನೆಲ ಸಿದ್ಧ. ಇಲ್ಲದಿದ್ದರೆ ಎಂಥ ಯಂತ್ರ ತಂದರೂ ನೀರಿಲ್ಲದ ಬಾವಿಗೆ ಹಗ್ಗ ಬಿಟ್ಟಂತೆ.

ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲೂ ಒಂದು ಕೆಲಸವಿದೆ, ಅದಕ್ಕೆ ಪ್ರಯೋಗಾಲಯ ಬೇಡ. ಈ ರಜೆಯಲ್ಲಿ ಅಜ್ಜಿಯ ಪಕ್ಕ ಕೂತು ಒಂದು ನೋಟ್‌ಬುಕ್ಕಿನಲ್ಲಿ ಮನೆತನದ ಹೆಸರುಗಳನ್ನು ಬರೆದುಕೊಳ್ಳಿ: ಯಾರ ಮಗ, ಯಾವ ಊರಿಗೆ ಮದುವೆಯಾಗಿ ಹೋದಳು, ಯಾರು ಬೊಂಬಾಯಿಗೋ ಗಲ್ಫಿಗೋ ಹೋಗಿ ಮರಳಲಿಲ್ಲ. ಮರಳದವನ ಹೆಸರು ಬರುವಾಗ ಅಜ್ಜಿಯ ದನಿ ಸ್ವಲ್ಪ ತಗ್ಗಬಹುದು. ಆ ಹೆಸರನ್ನೂ ಬಿಡದೆ ಬರೆದುಕೊಳ್ಳಿ.