ಅಳೆಯುವ ಮೊದಲು ತಕ್ಕಡಿ ಸರಿ ಮಾಡಿಕೊಳ್ಳೋಣ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ವಾರ ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಸೈಟ್ ಓಪನ್ ಆಗವಲ್ದು." ನಾನೂ ನನ್ನ ಗೆಳೆಯನೂ ಸಿಟ್ಟಿನಲ್ಲಿ ಆ ಜಾಲತಾಣದ ಸಹಾಯ ವಿಭಾಗಕ್ಕೆ ಒಂದು ದೂರು ಬರೆದೆವು. ನಿಮ್ಮ ಪುಟ ತೆರೆಯಲು ಒಂದು ನಿಮಿಷ ಬೇಕಾಗುತ್ತಿದೆ, ಹಳ್ಳಿಯ ಮಕ್ಕಳು ಏನು ಮಾಡಬೇಕು ಎಂದು ಕೇಳಿದೆವು. ಮೂರನೇ ದಿನ ಉತ್ತರ ಬಂತು: "ನಮ್ಮಲ್ಲಿ ಸರಿಯಾಗಿ ತೆರೆಯುತ್ತಿದೆ. ನಿಮ್ಮ ನೆಟ್‌ವರ್ಕ್ ಪರಿಶೀಲಿಸಿ."

ಅದನ್ನು ಓದಿ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೆ ಸಮಾಧಾನವಾಗಿ ಕುಳಿತು ಯೋಚಿಸಿದಾಗ ನಮ್ಮ ತಪ್ಪೂ ಕಂಡಿತು. ನಾವು ಪುಟ ತೆರೆದ ಕಂಪ್ಯೂಟರಿನಲ್ಲಿ ಹತ್ತಕ್ಕೂ ಹೆಚ್ಚು ಟ್ಯಾಬ್‌ಗಳು ತೆರೆದಿದ್ದವು. ಹಿಂದೆ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿತ್ತು. ನೆಟ್ ಬರುತ್ತಿದ್ದದ್ದು ಗೆಳೆಯನ ಮೊಬೈಲಿನ ಹಾಟ್‌ಸ್ಪಾಟಿನಿಂದ, ಅದೇ ಹಾಟ್‌ಸ್ಪಾಟಿಗೆ ಇನ್ನೂ ಮೂವರು ಸೇರಿಕೊಂಡಿದ್ದರು. "ಒಂದು ನಿಮಿಷ" ಎಂದು ಬರೆದದ್ದು ಗೋಡೆ ಗಡಿಯಾರ ನೋಡಿ. ತಪ್ಪು ಅವರದೋ ನಮ್ಮದೋ ಎಂದು ಹೇಳಲು ನಮ್ಮ ಕೈಯಲ್ಲಿ ಏನೂ ಆಧಾರ ಇರಲಿಲ್ಲ.

ಇದರಿಂದ ನಾನು ಕಲಿತದ್ದು ಇಷ್ಟು: ಜಾಲತಾಣ ನಿಧಾನ ಎಂದು ದೂರುವ ಹಕ್ಕು ನಮಗಿದೆ, ಆದರೆ ದೂರುವ ಮೊದಲು ಅಳೆಯಬೇಕು, ಅಳೆಯುವ ಮೊದಲು ಕಂಪ್ಯೂಟರನ್ನೂ ಬ್ರೌಸರನ್ನೂ ಸಿದ್ಧ ಮಾಡಿಕೊಳ್ಳಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದಕ್ಕಾಗಿಯೇ ಒಂದು ಕಂಪ್ಯೂಟರ್ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಮಗೆ ಹೊಸ ಪಾಠವೇನಲ್ಲ. ಪ್ರಥಮ ಪಿಯುಸಿಯ ಭೌತಶಾಸ್ತ್ರ ಪ್ರಯೋಗದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ಕೂಡಲೇ ಸರ್ ಕೇಳುವ ಮೊದಲ ಪ್ರಶ್ನೆ, "ಶೂನ್ಯ ದೋಷ ನೋಡಿದಿರಾ?" ಬೈಲಹೊಂಗಲದ ಪೇಟೆಗೆ ಹತ್ತಿ ಒಯ್ಯುವ ನಮ್ಮ ಮನೆಯ ಹಿರಿಯರೂ ಕಾಟಾದ ಮೇಲೆ ಚೀಲ ಇಡುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುತ್ತಾರೆ. ಖಾಲಿ ಕಾಟಾ ಎರಡು ಕಿಲೋ ತೋರಿಸುತ್ತಿದ್ದರೆ ಮುಂದಿನ ತೂಕವೆಲ್ಲ ಸುಳ್ಳು. ಕಂಪ್ಯೂಟರಿಗೂ ಅದೇ ಮಾತು.

ಹಾಗಾದರೆ ಕಾಟಾ ಸೊನ್ನೆಗೆ ತರುವುದು ಹೇಗೆ? ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಕೆಲವು ನಿಮಿಷ ಕಾಯಬೇಕು, ಏಕೆಂದರೆ ಆನ್ ಆದ ತಕ್ಷಣ ಹಲವು ಪ್ರೋಗ್ರಾಂಗಳು ತಾವಾಗಿಯೇ ಶುರುವಾಗುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಏನೂ ಕೆಲಸ ಮಾಡದೆ ಇದ್ದಾಗಲೂ ಅಲ್ಲಿ ಸಿಪಿಯು ಬಳಕೆ ಹೆಚ್ಚಿದ್ದರೆ ಯಾರೋ ಒಳಗೆ ದುಡಿಯುತ್ತಿದ್ದಾರೆ ಎಂದರ್ಥ. ವಿಂಡೋಸ್ ಅಪ್‌ಡೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಆಂಟಿವೈರಸ್ ಸ್ಕ್ಯಾನ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಬೇಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಅಳೆಯಬೇಕು. ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿ ಯಂತ್ರ ತಾನೇ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ನಾವು ಬೈಯುವುದು ಮಾತ್ರ ಜಾಲತಾಣವನ್ನು.

ಇನ್ನು ಬ್ರೌಸರ್. ಅದು ಬಹಳ ನೆನಪಿನ ಪ್ರಾಣಿ. ಒಮ್ಮೆ ನೋಡಿದ ಪುಟದ ಚಿತ್ರ, ಫಾಂಟ್, ಪ್ರೋಗ್ರಾಂಗಳನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಪುಟ ಬೇಗ ತೆರೆದರೆ ಜಾಲತಾಣ ಸುಧಾರಿಸಿತು ಎಂದಲ್ಲ. ಆದ್ದರಿಂದ ಎಲ್ಲ ಖಾಸಗಿ ವಿಂಡೋಗಳನ್ನು ಮುಚ್ಚಿ ಹೊಸದೊಂದನ್ನು ತೆರೆಯಬೇಕು. ಕ್ರೋಮ್‌ನಲ್ಲಿ ಇದಕ್ಕೆ ಇನ್‌ಕಾಗ್ನಿಟೊ ಎನ್ನುತ್ತಾರೆ. ನಾವು ಬೇರೆಯಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳೂ ಅಲ್ಲಿ ಕೆಲಸ ಮಾಡುವುದಿಲ್ಲ. ವಿಪಿಎನ್ ಇದ್ದರೆ ಆರಿಸಬೇಕು. ನಂತರ ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಅದರ ನೆಟ್‌ವರ್ಕ್ ವಿಭಾಗ ಯಾವ ಫೈಲ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವಿಭಾಗ ಪುಟ ಮೂಡುವ ಪ್ರತಿ ಹಂತವನ್ನು ದಾಖಲಿಸುತ್ತದೆ. ಇದನ್ನು ಪುಟ ತೆರೆಯುವ ಮೊದಲೇ ತೆರೆದಿಡಬೇಕು. ನಂತರ ತೆರೆದರೆ ಮದುವೆ ಮುಗಿದ ಮೇಲೆ ಫೋಟೋದವನು ಬಂದ ಹಾಗೆ.

ಒಂದೇ ಸಲ ಅಳೆದು ಬಿಡಬಾರದು. ಐದು ಸಲ ಅಳೆದಾಗ 4, 12, 5, 4, 9 ಸೆಕೆಂಡು ಬಂತು ಎಂದಿಟ್ಟುಕೊಳ್ಳಿ. ಸರಾಸರಿ 6.8. ಆದರೆ ಕ್ರಮವಾಗಿ ಜೋಡಿಸಿದರೆ ನಡುವಿನದು 5. ಒಮ್ಮೆ ನೆಟ್ ಎಡವಿದ್ದಕ್ಕೆ ಬಂದ 12 ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ, ನಡುವಿನ ಸಂಖ್ಯೆ ಅಷ್ಟು ಅಲುಗಾಡುವುದಿಲ್ಲ. ಗಣಿತದಲ್ಲಿ ಮಧ್ಯಾಂಕ ಏಕೆ ಕಲಿತೆವು ಎಂದು ನನಗೆ ತಿಳಿದದ್ದು ಆ ದಿನ.

ಒಬ್ಬ ಗೆಳತಿ ಇದನ್ನು ಒಪ್ಪಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು: "ನಮ್ಮ ಮನ್ಯಾಗ ಇರೋದು ಹಳೇ ಮೊಬೈಲ್, ಸಂಗೊಳ್ಳಿಯೊಳಗ ಸಿಗ್ನಲ್ ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ನೀವು ಸ್ವಚ್ಛ ಮಾಡಿದ ಕಂಪ್ಯೂಟರಿನ್ಯಾಗ ಅಳದ್ರ ಅದು ನಮ್ಮ ಕಷ್ಟ ಹ್ಯಾಂಗ ಆಗ್ತದ?"

ನಿಜ. ಆದರೆ ಸ್ವಚ್ಛ ಕಂಪ್ಯೂಟರ್ ಬೇಕಾದದ್ದು ಕಷ್ಟವನ್ನು ಮುಚ್ಚಿಡಲು ಅಲ್ಲ, ಅದರ ಕಾರಣವನ್ನು ಬೇರ್ಪಡಿಸಲು. ಮೊದಲು ಸೊನ್ನೆಗೆ ತಂದುಕೊಂಡು, ಆಮೇಲೆ ನಾವೇ ಲೆಕ್ಕ ಇಟ್ಟು ಭಾರ ಹೇರಬಹುದು. ಕ್ರೋಮ್‌ನಲ್ಲಿರುವ ಲೈಟ್‌ಹೌಸ್ ಎಂಬ ಸಾಧನ ಮೊಬೈಲ್ ಪರೀಕ್ಷೆಯಲ್ಲಿ ಇದನ್ನೇ ಮಾಡುತ್ತದೆ. ನೆಟ್ ಸೆಕೆಂಡಿಗೆ 1.6 ಮೆಗಾಬಿಟ್, ಹೋಗಿ ಬರುವ ಸಮಯ 150 ಮಿಲಿಸೆಕೆಂಡ್, ಪ್ರೊಸೆಸರ್ ನಾಲ್ಕು ಪಟ್ಟು ನಿಧಾನ ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ಗೆಳತಿಯ ಹಳೇ ಮೊಬೈಲಿಗೆ ಇದು ಹತ್ತಿರದ ಚಿತ್ರ. ಗೂಗಲ್ ಹೇಳುವ ಅಳತೆಯಂತೆ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ ಬಟನ್‌ಗೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಅದೂ ನೂರು ಭೇಟಿಗಳಲ್ಲಿ ಕನಿಷ್ಠ 75ರಲ್ಲಿ. ಅಂದರೆ ಪಟ್ಟಣದ ಒಳ್ಳೆಯ ಕಂಪ್ಯೂಟರಿನಲ್ಲಿ ತೆರೆದರೆ ಸಾಲದು ಎಂದು ಆ ಅಳತೆಯೇ ಹೇಳುತ್ತದೆ.

ಕನ್ನಡ ಪುಟಗಳಿಗೆ ಇದು ಇನ್ನೂ ಮುಖ್ಯ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿ 8 ಬೈಟ್, ಕನ್ನಡದಲ್ಲಿ ಒತ್ತು, ಸ್ವರಚಿಹ್ನೆ, ಅನುಸ್ವಾರ ಸೇರಿ 24 ಬೈಟ್. ಪುಟವನ್ನು ಕುಗ್ಗಿಸಿ ಕಳಿಸಿದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ. ಆದರೆ ಕನ್ನಡ ಫಾಂಟನ್ನು ಬೇರೆಯಾಗಿ ಇಳಿಸಬೇಕಾದಾಗ ಅದರ ಭಾರ ಉಳಿಯುತ್ತದೆ. ಹಿಂದೆ ತೆರೆದಿದ್ದ ಬ್ರೌಸರಿನಲ್ಲಿ ಅಳೆದರೆ ಆ ಫಾಂಟ್ ಕ್ಯಾಶ್‌ನಲ್ಲಿರುತ್ತದೆ, ಭಾರ ಕಾಣುವುದೇ ಇಲ್ಲ. ಮೊದಲ ಸಲ ಪುಟ ತೆರೆಯುವ ಹಳ್ಳಿಯ ವಿದ್ಯಾರ್ಥಿಗೆ ಮಾತ್ರ ಅದು ಪೂರ್ತಿ ಬೀಳುತ್ತದೆ.

ನಮ್ಮ ಕತೆ ಮುಂದೇನಾಯಿತು? ಒಂದು ಶುಕ್ರವಾರ ಜುಮಾ ನಮಾಜಿನ ನಂತರ, ಉಳಿದವರು ಬರುವ ಮೊದಲು, ಖಾಲಿ ಲ್ಯಾಬಿನಲ್ಲಿ ಕುಳಿತು ಎಲ್ಲ ಸರಿಯಾಗಿ ಅಳೆದೆವು. ಒಂದು ನಿಮಿಷದ ಬಹುಪಾಲು ನಮ್ಮದೇ ಎಂದು ಗೊತ್ತಾಯಿತು. ಆದರೆ ಐದೂ ಸಲ ಮುಖಪುಟದ ಒಂದು ದೊಡ್ಡ ಚಿತ್ರವೇ ಪುಟವನ್ನು ತಡೆಯುತ್ತಿತ್ತು. ಅದು ಅವರದು. ದಿನಾಂಕ, ವೇಳೆ, ಬ್ರೌಸರಿನ ಆವೃತ್ತಿ, ನೆಟ್ ಯಾವುದು, ಐದು ಅಳತೆಗಳು, ಚಿತ್ರದ ಹೆಸರು ಎಲ್ಲ ಬರೆದು ಮತ್ತೆ ಕಳಿಸಿದೆವು. ಈ ಸಲ ಉತ್ತರದಲ್ಲಿ "ನೆಟ್‌ವರ್ಕ್ ಪರಿಶೀಲಿಸಿ" ಇರಲಿಲ್ಲ. "ರೆಕಾರ್ಡಿಂಗ್ ಇದ್ದರೆ ಕಳಿಸಿ" ಎಂದಿತ್ತು.

ಇಲ್ಲಿ ಇನ್ನೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ನೆಟ್‌ವರ್ಕ್ ದಾಖಲೆಯನ್ನು ಹಾರ್ ಎಂಬ ಫೈಲಾಗಿ ಉಳಿಸಬಹುದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಗೆಳೆಯ ಅರ್ಜಿಯಲ್ಲಿ ತುಂಬಿದ್ದ ಮೊಬೈಲ್ ಸಂಖ್ಯೆ ಅದರೊಳಗೆ ಹಾಗೇ ಇತ್ತು. ಲಾಗಿನ್ ಗುರುತುಗಳೂ ಇಂಥ ಫೈಲಿನಲ್ಲಿ ಸೇರಬಹುದು. ಆದ್ದರಿಂದ ಲಾಗಿನ್ ಆಗದೆ, ಏನನ್ನೂ ತುಂಬದೆ, ಮುಖಪುಟವನ್ನಷ್ಟೇ ಹೊಸದಾಗಿ ದಾಖಲಿಸಿ ಕಳಿಸಿದೆವು. ಆಧಾರ್ ಸಂಖ್ಯೆ ತುಂಬಿದ ಪುಟದ ದಾಖಲೆಯನ್ನು ಯಾರೂ ಯಾರಿಗೂ, ವಾಟ್ಸ್‌ಆಪ್ ಗ್ರೂಪಿಗಂತೂ, ಕಳಿಸಬಾರದು.

ಇನ್ನೊಂದು ಎಚ್ಚರಿಕೆ: ಅಳೆಯುತ್ತೇವೆ ಎಂದು ಫಲಿತಾಂಶದ ದಿನ ಲ್ಯಾಬಿನ ಎಲ್ಲ ಕಂಪ್ಯೂಟರಿನಿಂದ ಒಂದೇ ತಾಣವನ್ನು ಬಡಿಯುವುದು ಪರೀಕ್ಷೆಯಲ್ಲ. ಅದು ಅಂಕ ನೋಡಲು ಕಾಯುತ್ತಿರುವ ಬೇರೆ ಮಕ್ಕಳ ದಾರಿಗೆ ಅಡ್ಡ ನಿಂತಂತೆ.

ಪ್ರಾಂಶುಪಾಲರಲ್ಲಿ, ಕಂಪ್ಯೂಟರ್ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ ಚಿಕ್ಕದು. ಯುಪಿಎಸ್ ಇರುವ ಒಂದು ಕಂಪ್ಯೂಟರ್, ಕೇಬಲ್ ನೆಟ್, ಒಂದು ನೋಟ್‌ಬುಕ್. ತಿಂಗಳಿಗೊಮ್ಮೆ ಸರದಿಯಂತೆ ಇಬ್ಬರು ವಿದ್ಯಾರ್ಥಿಗಳು ನಮ್ಮ ಕಾಲೇಜಿನ ಸ್ವಂತ ಜಾಲತಾಣವನ್ನು ಮತ್ತು ನಾವು ಹೆಚ್ಚು ಬಳಸುವ ಎರಡು ತಾಣಗಳನ್ನು ಒಂದೇ ವಿಧಾನದಲ್ಲಿ ಅಳೆದು ಬರೆದಿಡಲಿ. ಮೊದಲು ನಮ್ಮ ಜಾಲತಾಣದಿಂದಲೇ ಶುರು ಮಾಡೋಣ. ನಮ್ಮ ಮುಖಪುಟದಲ್ಲೂ ದೊಡ್ಡ ಚಿತ್ರಗಳಿವೆ. ಬೇರೆಯವರ ತೂಕ ನೋಡುವ ಮೊದಲು ನಮ್ಮದನ್ನೂ ಕಾಟಾಕ್ಕೆ ಇಡುವುದು ನ್ಯಾಯ.

ಈ ವರ್ಷವೂ ಅರ್ಜಿಯ ಕೊನೆಯ ವಾರ ಬರುತ್ತದೆ. ಆಗ "ಓಪನ್ ಆಗವಲ್ದು" ಎಂದು ಯಾರಾದರೂ ಹೇಳಿದರೆ, ಆ ನೋಟ್‌ಬುಕ್ ತೆರೆದು ಯಾವಾಗಿನಿಂದ, ಎಷ್ಟು, ಯಾವ ಫೈಲಿನಿಂದ ಎಂದು ಉತ್ತರ ಕೊಡುವಂತಾಗಲಿ.