70 ಗಂಟೆಗಳ ಉಪದೇಶಕ್ಕೆ ಓತೆಮಾಚಿಯಿಂದ ಉತ್ತರ



2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು ಭಾರತದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಕರೆಯಿತ್ತರು. ಮಹಾಯುದ್ಧದ ತರುವಾಯ ಜರ್ಮನಿ ಮತ್ತು ಜಪಾನಿನ ಜನ ದುಡಿದ ಬಗೆಯೇ ಅವರು ಕೊಟ್ಟ ನಿದರ್ಶನ. ನಮ್ಮ ಕೂಟಗಳಲ್ಲಿ, ಯುಗಾದಿಯ ಊಟದ ಪಂಕ್ತಿಯಲ್ಲಿಯೂ ಈ ಮಾತನ್ನು ಮೆಚ್ಚಿ ಉದ್ಧರಿಸುವವರಿದ್ದಾರೆ. ಹಿರಿಯರ ಸಾಧನೆಯಲ್ಲಿ ಗೌರವವಿಟ್ಟೇ ಹೇಳುತ್ತೇನೆ: ಅವರು ಸಾಕ್ಷಿಗೆ ಕರೆದ ದೇಶದಲ್ಲಿ ನಾವು ವಾಸಿಸುತ್ತಿದ್ದೇವೆ, ಆ ಸಾಕ್ಷಿ ಅವರ ಪರವಾಗಿ ನುಡಿಯುವುದಿಲ್ಲ.

ಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ, ಜಪಾನ್ ದಿನಕ್ಕೆ 8 ಗಂಟೆಯ ದುಡಿಮೆಯನ್ನು ಕಾನೂನಾಗಿಸಿತು. ಜನ ಅದನ್ನು ಮೀರಿ ದುಡಿದದ್ದೂ ನಿಜ. ಹಾಗೆ ದುಡಿದುದರ ಫಲವಾಗಿ ಈ ಭಾಷೆಗೆ ‘ಕರೋಶಿ’ ಎಂಬ ಪದ ಬಂದಿತು. ಅತಿದುಡಿಮೆಯ ಸಾವು ಎಂದು ಅದರ ಅರ್ಥ. 2015ರ ಡಿಸೆಂಬರ್‌ನಲ್ಲಿ ಡೆಂಟ್ಸು ಜಾಹೀರಾತು ಸಂಸ್ಥೆಯ 24ರ ಹರೆಯದ ಉದ್ಯೋಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅತಿದುಡಿಮೆಯೇ ಕಾರಣವೆಂದು ಸರ್ಕಾರ ಮರುವರ್ಷ ಒಪ್ಪಿತು. ನ್ಯಾಯಾಲಯ ಸಂಸ್ಥೆಗೆ ವಿಧಿಸಿದ ದಂಡ 5 ಲಕ್ಷ ಯೆನ್. ಓದುಗರೇ ತೂಗಿ ನೋಡಲಿ.

2019ರ ಏಪ್ರಿಲ್‌ನಿಂದ ದೊಡ್ಡ ಸಂಸ್ಥೆಗಳಲ್ಲಿ ಓವರ್‌ಟೈಮ್ ತಿಂಗಳಿಗೆ 45 ಗಂಟೆ ಮೀರಬಾರದು. ವಿಶೇಷ ಒಪ್ಪಂದವಿದ್ದರೂ 100 ಗಂಟೆ ಮುಟ್ಟಬಾರದು. ಇನ್ನು ಲೆಕ್ಕ ಮಾಡೋಣ. ವಾರಕ್ಕೆ 40 ಗಂಟೆ ನ್ಯಾಯವಾದ ದುಡಿಮೆ. 70 ಎಂದರೆ 30 ಹೆಚ್ಚು. ತಿಂಗಳಿಗೆ ಸುಮಾರು 130. ಸಾಮಾನ್ಯ ನೌಕರನನ್ನು ಇಷ್ಟು ದುಡಿಸುವುದು ಇಲ್ಲಿ ಅಪರಾಧ. ನಾವು ದೇಶಭಕ್ತಿಯೆಂದು ಹೊಗಳುತ್ತಿರುವುದು ಇದನ್ನೇ.

ಜಪಾನ್ ಇದರಿಂದ ಪರಿಶುದ್ಧವಾಯಿತೆಂದಲ್ಲ. ಓತೆಮಾಚಿ, ಮಾರುನೊಉಚಿಗಳ ಗಾಜಿನ ಗೋಪುರಗಳಲ್ಲಿ ರಾತ್ರಿ ಹತ್ತಕ್ಕೂ ದೀಪ ಉರಿಯುತ್ತದೆ. ಅವು ಯಾರೂ ಬಾಳುವುದಕ್ಕೆಂದು ಕಟ್ಟಿದ ನೆಲೆಗಳಲ್ಲ. ಆ ಎರಡೂ ಸೇರಿರುವ ಚಿಯೋದಾ ವಾರ್ಡಿನಲ್ಲಿ 2015ರ ಜನಗಣತಿಯಂತೆ ಇರುಳಿನ ಜನ ಸುಮಾರು 58 ಸಾವಿರ, ಹಗಲಿನ ಜನ ಎಂಟೂವರೆ ಲಕ್ಷ. ಬಾಳುವೆ ಇರುವುದು ರೈಲಿನ ಇನ್ನೊಂದು ತುದಿಯಲ್ಲಿ. 2000ದ ಹೊತ್ತಿಗೆ ಕಂಪ್ಯೂಟರುಗಳ ವೈಟುಕೆ ದೋಷ ತಿದ್ದಲು ಬಂದ ಭಾರತೀಯರು ನಿಶಿ-ಕಸಾಯ್‌ನಲ್ಲಿ ನೆಲೆಸಿದ್ದಕ್ಕೆ ಒಂದು ಕಾರಣ, ತೋಝೈ ಮಾರ್ಗ ಅವರನ್ನು ನೇರವಾಗಿ ಓತೆಮಾಚಿಗೆ ಒಯ್ಯುತ್ತಿದ್ದುದು. ಕೋವಿಡ್‌ಗೆ ಮುಂಚೆ ಆ ಮಾರ್ಗದ ಬೆಳಗಿನ ದಟ್ಟಣೆ ಶೇ. 199 ಮುಟ್ಟಿತ್ತು. (ಶೇ. 200 ಎಂದರೆ ಮೈಗೆ ಮೈ ಒತ್ತಿದರೂ ವಾರಪತ್ರಿಕೆಯನ್ನು ಹೇಗೋ ಓದಬಹುದಾದ ಸ್ಥಿತಿ ಎಂದು ಇಲ್ಲಿನ ಅಧಿಕೃತ ವಿವರಣೆ. ಓದುವ ಆಸೆ ಉಳಿದಿರಬೇಕಷ್ಟೆ.)

ನಮ್ಮವರ ಪಾಡು ಜಪಾನೀಯರದಕ್ಕಿಂತ ಒಂದು ಕೈ ಮೇಲು. ನಮಗೆ ಎರಡು ಗಡಿಯಾರಗಳಿವೆ. ಬೆಳಿಗ್ಗೆ 9ಕ್ಕೆ ಇಲ್ಲಿಯ ಕಚೇರಿ. ಸಂಜೆಯಾದೊಡನೆ ಮೂರೂವರೆ ಗಂಟೆ ಹಿಂದಿರುವ ಬೆಂಗಳೂರು. ಅಲ್ಲಿಯ 5 ಗಂಟೆಯ ಮೀಟಿಂಗ್ ನಮಗೆ ರಾತ್ರಿ ಎಂಟೂವರೆ, ಮಗುವಿಗೆ ಕಥೆ ಹೇಳಿ ಮಲಗಿಸುವ ಹೊತ್ತು. ಮನೆಯ ಮೇಜಿನಿಂದ ಮಾತಾಡಿದ ಆ ಗಂಟೆಯೂ ದುಡಿಮೆಯೇ. ಆದರೆ ಅದನ್ನು ಹಾಜರಿಗೆ ಸೇರಿಸುವವರೆಷ್ಟು ಮಂದಿ? ಸೇರಿಸಿದರೆ ಸೋಮಾರಿಯೆನ್ನಿಸಿಕೊಳ್ಳುವ ಭಯ. ಇನ್ನು ಕೆಲವರಿಗೆ ‘ಮ್ಯಾನೇಜರ್’ ಎಂಬ ಬಿರುದು ಕೊಟ್ಟರೆ ಸಾಕು, ಓವರ್‌ಟೈಮ್ ಕೇಳುವ ಗೊಡವೆಯೇ ತೀರಿತು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಪ್ರತಿ ಸಭೆಯಲ್ಲಿ ಹಲುಬುವ ನಾವು, ಆ ಕನ್ನಡವನ್ನಾಡಬೇಕಾದ ಗಂಟೆ ಎಲ್ಲಿ ಖರ್ಚಾಯಿತೆಂದು ಕೇಳಿಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ಕಾಯಕದ ಹೆಸರೆತ್ತುವವರಿದ್ದಾರೆ. ಅವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಲಿ. ಪತಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ಶರಣೆ ಆಕೆ. ಹೆಚ್ಚು ಆಯ್ದವನೇ ಹೆಚ್ಚಿನ ಭಕ್ತನೆಂದು ಕಲ್ಯಾಣದಲ್ಲಿ ಯಾರೂ ಹೇಳಲಿಲ್ಲ.

ನಮ್ಮ ರಾಜ್ಯೋತ್ಸವದ ನವೆಂಬರ್ ಜಪಾನಿನಲ್ಲಿ ಕರೋಶಿ ತಡೆಯ ಜಾಗೃತಿ ಮಾಸವೂ ಹೌದು. ಈ ಸಲ ರಾಜ್ಯೋತ್ಸವದ ನಾಟಕದ ಅಭ್ಯಾಸವನ್ನು ಶನಿವಾರಕ್ಕೆ ತಳ್ಳದೆ ಬುಧವಾರ ಸಂಜೆ 7ಕ್ಕೆ ಇಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಯಾರಾರು ಬರಲಾಗಲಿಲ್ಲ, ಯಾವ ಮೀಟಿಂಗಿಗಾಗಿ ಬರಲಾಗಲಿಲ್ಲ ಎಂಬುದನ್ನು ಹಾಜರಿ ಪುಸ್ತಕದಲ್ಲಿ ಬರೆದಿಡೋಣ.